ಕುಸ್ವಾರ್ ಮಾಡದ ವರ್ಷ

14 ಡಿಸೆಂಬರ್ 2025, ಭಾನುವಾರ. ಸಂತೆಕಟ್ಟೆ.
ಏಳೂವರೆಯ ಪೂಜೆ. ಬಂದು ಬಂಗುಡೆ ಸಾರು. ನನ್ನ ಗಂಡ ಅಲೋಶಿಯಸ್ ಕುವೈತಿನಿಂದ ರಜೆ ಎಂದು ಬಂದು ಹತ್ತು ದಿನ. ಊಟಕ್ಕೆ ಕೂತು ಘೋಷಿಸಿದ — ಈ ಸಲ ರಿಲ್ಯಾಕ್ಸ್ ಕ್ರಿಸ್ಮಸ್. ಮನೆಯಲ್ಲೇ, ನಾವು ನಾಲ್ಕೇ ಜನ. ನಕ್ಷತ್ರ ಬೇಡ, ಗೋದಲಿ ಬೇಡ, ಕುಸ್ವಾರ್ ಬೇಡ.
“ನಿನಗೂ ರೆಸ್ಟ್, ಅಲ್ವಾ ಮ್ಯಾಗಿ?”
ಹದಿಮೂರು ವರ್ಷ ಎಣ್ಣೆಯ ಮುಂದೆ ನಿಂತು ಕುಸ್ವಾರಿನ ತಿಂಡಿ — ಕಿಡಿಯೊ, ನೆವ್ರಿ, ಚಕ್ಕುಲಿ — ಕರಿದು ಮನೆಮನೆಗೆ ತಟ್ಟೆ ಕಳಿಸಿದೆ. ಆಗೆಲ್ಲ ನನ್ನ ರೆಸ್ಟ್ ಯಾರಿಗೂ ನೆನಪಾಗಿರಲಿಲ್ಲ. ಆಯ್ತು ಎಂದೆ.
ಶಾರ್ಲೆಟ್ ಅತ್ತಳು. ಎಂಟು ವರ್ಷ. ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ, ಗೆರೆ ಬೀಳುವಂತೆ ಕಿಡಿಯೊ ಸುರುಳಿ ಸುತ್ತುವುದು ಅವಳ ಪಾಲಿನ ಕೆಲಸ.
“ರಿಲ್ಯಾಕ್ಸ್ ಅಂದ್ರೆ ಎಂತ ಡ್ಯಾಡಾ?”
ಡ್ಯಾಡಾ ಮೀನಿನ ಮುಳ್ಳು ತೆಗೆಯುತ್ತಿದ್ದ.

17 ಡಿಸೆಂಬರ್, ಸಂಜೆ 6.
ಅಲೋಶಿಯಸ್‌ಗೆ ದಿನವಿಡೀ ಬರ್ಮುಡಾ, ಸೋಫಾ, ಮೊಬೈಲ್. ಬೆಲ್ ಆದರೆ ಎದ್ದು ಬಾತ್‌ರೂಮಿಗೆ. ಗ್ಯಾಸಿನವನು ಬಂದರೂ ಬಾತ್‌ರೂಮಿಗೆ. ಬಾಗಿಲು ತೆಗೆಯುವುದು ಮಗ ಶೆಲ್ಡನ್. ಹನ್ನೆರಡು ವರ್ಷಕ್ಕೇ ಸೆಕ್ಯೂರಿಟಿ ಗಾರ್ಡ್.
ಮಣಿಪಾಲದ ನಮ್ಮ ಲೈಬ್ರರಿಯಿಂದ ತಂದ ನಾರ್ವೆಯ ಕಾದಂಬರಿ ಅರ್ಧ ಆಗಿದೆ. ಅನುವಾದ ಪರವಾಗಿಲ್ಲ. ಅಲ್ಲಿಯೂ ಒಂದು ಕುಟುಂಬ ಹಬ್ಬಕ್ಕೆ ಬಾಗಿಲು ಹಾಕಿ ಕೂರುತ್ತದೆ. ಮೂರು ಅಡಿ ಹಿಮ. ಯಾರೂ ಬರುವುದಿಲ್ಲ. ಸಂತೆಕಟ್ಟೆಯಲ್ಲಿ ಆ ಸೌಲಭ್ಯವಿಲ್ಲ.

21 ಡಿಸೆಂಬರ್, ಭಾನುವಾರ.
ಪಕ್ಕದ ಮನೆಯ ಮನೋರಮಾ ಬಂದರು. ಒಂದು ಚಿಪ್ಪು ಬಾಳೆಹಣ್ಣು, ತಗ್ಗಿದ ದನಿ.
“ಎಂತ ಮಾರಾಯ್ರೆ, ಯಾರು ತೀರಿಕೊಂಡದ್ದು? ನಮಗೆ ಒಂದು ಮಾತು ಹೇಳಲಿಲ್ಲ ನೀವು.”
“ಯಾರೂ ಇಲ್ಲ.”
“ನಕ್ಷತ್ರ ಇಲ್ಲ, ಎಣ್ಣೆಯ ಪರಿಮಳ ಇಲ್ಲ... ನನಗೆ ಗೊತ್ತಾಗುವುದಿಲ್ವಾ? ಬೇಡ, ಈಗ ಹೇಳಬೇಡಿ. ಅಳು ಬರ್ತದೆ ನಿಮಗೆ.”
ಹಿಂದೂಗಳಾದ ಅವರಿಗೇ ತಿಳಿದಿದೆ. ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ. ಬೇರೆಯವರು ತಂದುಕೊಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಹುಟ್ಟಿದಂದಿನಿಂದ ಇದೇ ಇಗರ್ಜಿಯವನಾದ ನನ್ನ ಗಂಡನಿಗೆ ಹೊಳೆಯಲಿಲ್ಲ. ಯಾರೂ ಬರಬಾರದೆಂದು ಹುಡುಕಿ ಹುಡುಕಿ ಊರೆಲ್ಲ ಬರುವ ದಾರಿಯನ್ನೇ ಆರಿಸಿದ.

24 ಡಿಸೆಂಬರ್, ಮಧ್ಯಾಹ್ನ.
ಹನ್ನೊಂದು ತಟ್ಟೆಗಳು ಬಂದಿವೆ. ಕಾಪುವಿನಿಂದ ಅವನ ಅಕ್ಕ ಕಾನ್ಸೆಪ್ಟಾ ಖುದ್ದಾಗಿ. ಅವನು ಬಾತ್‌ರೂಮಿನಲ್ಲಿ.
“ಇವನೆಂತ, ಒಳಗೇ ಮನೆ ಕಟ್ಟಿದ್ದಾನಾ? ವಾಪಸ್ ಯಾವಾಗಂತೆ?”
ನಾನು ಬಾಯಿ ತೆರೆಯುವ ಮೊದಲೇ ಶೆಲ್ಡನ್ — “ಜನವರಿ ಹತ್ತಕ್ಕೆ ಆಂಟಿ. ಟಿಕೆಟ್ ಆಗಿದೆ.” ರೆಪ್ಪೆ ಅಲುಗಲಿಲ್ಲ.
ಅವರು ಹೋದ ಮೇಲೆ ಅಡುಗೆಮನೆಗೆ ಕರೆದೆ.
“ಟಿಕೆಟ್ ಉಂಟಾ?”
“ಇಲ್ಲ. ಯಾರು ಕೇಳಿದ್ರೂ ಹಾಗೆ ಹೇಳ್ಬೇಕು ಅಂತ ಡ್ಯಾಡಾ ಹೇಳಿದ್ದು. ಕೆಲಸ ಹೋಯ್ತಲ್ಲ... ಮಮ್ಮಿ, ನಿಮಗೆ ಗೊತ್ತಿಲ್ವಾ?”
ಗೊತ್ತಿತ್ತು. ಒಂದು ತಿಂಗಳ ರಜೆಗೆ ಬರುವವನು ತನ್ನ ಇಸ್ತ್ರಿಪೆಟ್ಟಿಗೆ, ಕಂಬಳಿ, ಅರ್ಧ ಖಾಲಿಯಾದ ಉಪ್ಪಿನಕಾಯಿ ಬಾಟಲಿ ತರುವುದಿಲ್ಲ. ಬಂದ ದಿನವೇ ನೋಡಿದೆ. ಅವನಾಗಿ ಹೇಳಲಿ ಎಂದು ಕಾದೆ. ಅವನು ಹೇಳಿದ್ದು ಮಗನಿಗೆ. ಸುಳ್ಳಿನ ಜೊತೆಗೆ.

25 ಡಿಸೆಂಬರ್.
ಹಬ್ಬದ ಇಡ್ಲಿ ಸನ್ನಾ, ಕೋಳಿ ಸಾರು. ಶಾರ್ಲೆಟ್ ಹನ್ನೊಂದು ತಟ್ಟೆಯ ಕಿಡಿಯೊ ಸಾಲಾಗಿ ಇಟ್ಟು ಪರೀಕ್ಷಿಸಿದಳು. “ಇದು ಬೇಕರಿಯದ್ದು. ಗೆರೆಯೇ ಇಲ್ಲ.” ಸರಿಯಾಗಿ ಹೇಳಿದಳು.
ನಾಲ್ಕು ಗಂಟೆಗೆ ಕಾರ್ಕಳದಿಂದ ಬೆಂಜಮಿನ್ ಅಂಕಲ್, ಅಲೋಶಿಯಸ್‌ನ ಸೋದರಮಾವ. ಹನ್ನೆರಡನೆಯ ತಟ್ಟೆ. ಈ ಸಲ ಬಾತ್‌ರೂಮಿಗೆ ಓಡಲು ಸಮಯ ಸಿಗಲಿಲ್ಲ. ಅಂಕಲ್ ಕೂರಲೂ ಇಲ್ಲ. ಜಪಸರ ತೆಗೆದರು.
“ಹೋದವರಿಗೆ ಮೂರು ನಮೋ ಮರಿಯಾ ಹೇಳುವ. ಬನ್ನಿ ಮಕ್ಕಳೇ.”
ಮೊಣಕಾಲೂರಿದೆವು. ಅಲೋಶಿಯಸ್ ಕೂಡ, ಬರ್ಮುಡಾದಲ್ಲೇ.
“ಯಾರು ಸತ್ತದ್ದು?” ಶಾರ್ಲೆಟ್ ಕೇಳಿದಳು.
ಶೆಲ್ಡನ್ ಅಪ್ಪನ ಮುಖ ನೋಡಿದ. ಆಮೇಲೆ ನನ್ನದು. ಈ ಉತ್ತರವೂ ತನ್ನದೇ ಪಾಲಿಗೆ ಬರುತ್ತದೋ ಎಂದು.
“ಕುವೈತಿನ ಫ್ರೆಂಡ್,” ಅಲೋಶಿಯಸ್ ಹೇಳಿದ. “ಪ್ರತೀಕ್ ಅಂತ.”
ಅಂಕಲ್ ಶಿಲುಬೆಯ ಗುರುತು ಹಾಕಿದರು. “ಪ್ರಾಯ ಎಷ್ಟು?”
“ನಲವತ್ತು.” ಅವನದೇ ಪ್ರಾಯ.
“ಛೆ! ಹೆಂಡತಿ ಮಕ್ಕಳು ಉಂಟಾ?”
“ಉಂಟು.” ಸ್ವರ ಒಡೆಯಿತು. ನಟನೆ ಎಂದುಕೊಂಡೆ. ಅಲ್ಲ. ಅದು ಮಾತ್ರ ನಿಜವಾಗಿತ್ತು. ಆದರೂ ಕ್ಷಮಿಸಲಿಲ್ಲ.
ಸಂಜೆಯ ತೇರ್ಸದ ಜಪಕ್ಕೆ ಶಾರ್ಲೆಟ್ ತಾನಾಗಿ ಸೇರಿಸಿದಳು — ಪ್ರತೀಕ್ ಅಂಕಲ್‌ಗೋಸ್ಕರ, ಅವರ ಮಕ್ಕಳಿಗೋಸ್ಕರ. ಶೆಲ್ಡನ್ ಆಮೆನ್ ಹೇಳಲಿಲ್ಲ.

26 ಡಿಸೆಂಬರ್, ಶುಕ್ರವಾರ.
ಹನ್ನೆರಡು ತಟ್ಟೆ ತೊಳೆದು ಒರೆಸಿಟ್ಟಿದ್ದೇನೆ. ಬಂದ ತಟ್ಟೆ ಖಾಲಿ ಹಿಂದೆ ಹೋಗಬಾರದು. ಸಾವಾದ ಮನೆಗೆ ವಿನಾಯಿತಿ ಉಂಟು. ನಮ್ಮದು ಸಾವಾದ ಮನೆ ಅಲ್ಲ.
ನಾಳೆ ಎಣ್ಣೆ ಇಡುತ್ತೇನೆ. ನಾಲ್ವರಿಗೂ ಒಂದೊಂದು ಫೋರ್ಕ್, ಅವನಿಗೂ. ಹಿಟ್ಟು ಕೈಯಲ್ಲಿರುವಾಗ ಯಾರೂ ಬಾತ್‌ರೂಮಿಗೆ ಓಡುವಂತಿಲ್ಲ. ಮಕ್ಕಳ ಎದುರಿಗೇ ಹೇಳುತ್ತೇನೆ — ಕೆಲಸ ಹೋಗಿದೆ, ನನಗೆ ಬಂದ ದಿನವೇ ಗೊತ್ತಿತ್ತು, ನಾನೂ ಬಾಯಿ ಮುಚ್ಚಿ ಕೂತಿದ್ದೆ, ಪ್ರತೀಕ್ ಅಂತ ಯಾರೂ ಇಲ್ಲ. ತಟ್ಟೆಗಳನ್ನು ಶೆಲ್ಡನ್ ಒಯ್ಯುವುದಿಲ್ಲ. ಅವನಪ್ಪ ಒಯ್ಯಬೇಕು, ಪ್ಯಾಂಟ್ ಹಾಕಿಕೊಂಡು. ಮೊದಲು ಕಾಪು, ಅವನ ಅಕ್ಕನ ಮನೆ.
ಮೈದಾ ತಂದಾಯಿತು. ತೆಂಗಿನಕಾಯಿ ಎರಡು ಸಾಕಾ, ಇನ್ನೊಂದು...