ಸಹಿ ಮಾಡದ ಅರ್ಜಿ

ಸೂರತ್
೧೭-೧೦-೧೯೬೭

ಪ್ರೇಮಾ ಅತ್ತಿಗೆಯವರಿಗೆ ಬಾಲಕೃಷ್ಣನ ನಮಸ್ಕಾರಗಳು.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಊಟ, ಆಫೀಸು ನಡೆಯುತ್ತಿವೆ. ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದಿದ್ದುದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಜೊತೆಗಿದ್ದ ಅರ್ಜಿಯನ್ನು ದಿನಾ ತೆಗೆದು ನೋಡಿ ಮತ್ತೆ ಮಡಚಿಡುತ್ತಿದ್ದೆ. ಕಾಡಿಗೆ ಬೆಂಕಿ ಬಿದ್ದದ್ದನ್ನು ಕಾವಲುಗಾರ ಜೀವಾಭಾಯಿ ನನಗೆ ತಿಳಿಸಲಿಲ್ಲ, ಅದರಿಂದಲೇ ನಮ್ಮ ವೈದೇಹಿ ಸತ್ತಳು, ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ಮಾವನವರು ಬರೆಸಿದ್ದಾರೆ. ಗಂಡನ ಸಹಿ ಒಂದು ಬಿದ್ದರೆ ಅವನ ಅನ್ನ ಹೋದಂತೆಯೇ.

ಸಹಿ ಹಾಕುವ ಮೊದಲು ಆ ದಾರಿಯನ್ನು ಒಮ್ಮೆ ನಡೆಯಬೇಕು ಅನ್ನಿಸಿತು. ಹೋದ ಭಾನುವಾರ ಡಾಂಗ್ ಕಾಡಿಗೆ ಹೋಗಿದ್ದೆ. ಝರಿಯ ನೀರು ಅಳೆಯಲು ನಮ್ಮ ಇಲಾಖೆಯವರು ಕಟ್ಟಿಸಿದ ಗುಡಿಸಲು ಇನ್ನೂ ಇದೆ. ಮಾರ್ಚ್‌ನಲ್ಲಿ ಅವಳು ಹೊರಟದ್ದು ಅಲ್ಲಿಂದಲೇ. “ರೀ, ಝರಿ ಪಕ್ಕ ಆ ಹಿಪ್ಪೆ ಮರಗಳ ತನಕ ಹೋಗ್ಬರ್ತೀನಿ. ಕಾಫಿ ನಾನೇ ಬಂದು ಮಾಡ್ತೀನಿ, ನೀವು ಡಿಕಾಕ್ಷನ್ ಕೆಡಿಸ್ಬೇಡಿ” ಅಂದಿದ್ದಳು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಈ ಸಲ ಜೀವಾಭಾಯಿಯೇ ಮುಂದೆ ನಡೆದ. ದಾರಿ ಚಿಗುರಿದೆ, ಅತ್ತಿಗೆ. ನೋಡಿ ನನಗೆ ಸಿಟ್ಟೇ ಬಂತು. ಸುಟ್ಟ ತೇಗದ ಬುಡದಿಂದ ಮೊರದಗಲದ ಎಲೆಗಳು ಎದ್ದಿವೆ. ಬಿದಿರು ಒಂದೇ ಮಳೆಗಾಲದಲ್ಲಿ ಆಳೆತ್ತರ ಬಂದಿದೆ. ಎಷ್ಟೋ ಮರಗಳಿಗೆ ಒಂದು ಮಗ್ಗುಲು ಮಸಿ, ಇನ್ನೊಂದು ಮಗ್ಗುಲು ಸೊಪ್ಪು. ತೊಗಟೆ ಮುಟ್ಟಿದ ಕೈ ಕಪ್ಪಾಯಿತು. ಝರಿಯಲ್ಲಿ ತಿಕ್ಕಿ ತೊಳೆದರೂ ಅಂಗೈ ಗೆರೆಗಳಿಂದ ಮಸಿ ಹೋಗಲಿಲ್ಲ.

ಹಿಪ್ಪೆ ಹೂ ಆರಿಸುವವರು ಮರದಡಿಯ ತರಗೆಲೆಗೆ ಬೆಂಕಿ ಕೊಟ್ಟು ನೆಲ ಚೊಕ್ಕ ಮಾಡಿಕೊಳ್ಳುತ್ತಾರೆ, ವರ್ಷವೂ ನಡೆಯುವುದೇ. ಆವತ್ತು ಗಾಳಿ ಎದ್ದಿತು.

ಅವಳು ಸಿಕ್ಕ ಮಡುವಿನ ಹತ್ತಿರ ಜೀವಾಭಾಯಿ ಚಪ್ಪಲಿ ಬಿಟ್ಟು ನಿಂತ. ಮೈ ಸುಟ್ಟಿರಲಿಲ್ಲ ಎಂದು ಆಗ ನಿಮಗೆ ಬರೆದಿದ್ದೆನಲ್ಲ, ಅದು ನಿಜ. ಒದ್ದೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಸೊಂಟದ ತನಕ ನೀರಲ್ಲಿ ಕೂತಿದ್ದಳು. ಹೊಗೆ ಬಿಡಲಿಲ್ಲ. ಹತ್ತು ನಿಮಿಷ ಮೊದಲು ಯಾರಾದರೂ ಹೋಗಿ ಎಳೆದು ತಂದಿದ್ದರೆ ಬದುಕುತ್ತಿದ್ದಳು.

ಬಂಡೆ ಹತ್ತುವಾಗ ಅವನು ಆಸರೆಗೆ ಕೈ ಕೊಟ್ಟ. ಆವತ್ತು ಬೆಂದಿದ್ದ ಅಂಗೈಯಲ್ಲಿ ಒಂದು ಕಲೆಯೂ ಇರಲಿಲ್ಲ. “ಸಾಹೇಬರು ಹಚ್ಚಿದ ಮುಲಾಮು” ಎಂದು ತನ್ನ ಭಾಷೆಯಲ್ಲಿ ಹೇಳಿದ. ನಾನು ಕೈ ಬಿಡಿಸಿಕೊಂಡೆ.

ಅರ್ಜಿಯನ್ನು ಸಹಿ ಮಾಡದೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಮಾವನವರಿಗೆ ನೋವಾಗುತ್ತದೆ, ಬಲ್ಲೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಆಶೀರ್ವಾದ. ಭಗವಂತ ನಿಮ್ಮ ಮನೆಯನ್ನಾದರೂ ತಣ್ಣಗಿಟ್ಟಿರಲಿ.

ಇತಿ ನಿಮ್ಮ,
ಬಾಲಕೃಷ್ಣ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಬೆಂಕಿ ಬಿದ್ದ ದಿನ ಜೀವಾಭಾಯಿ ಗುಡಿಸಲಿಗೆ ಬಂದಿದ್ದ, ಅತ್ತಿಗೆ. ಏದುಸಿರು ಬಿಡುತ್ತ ಓಡಿ ಬಂದು, ಬೆಂದ ಕೈ ಬೀಸುತ್ತ “ಸಾಹೇಬ್, ದವ್! ದವ್!” ಅಂದ. ದವಾ, ಅಂದರೆ ಔಷಧಿ ಕೇಳುತ್ತಿದ್ದಾನೆ ಅಂದುಕೊಂಡೆ. “ನಿಮ್ಮ ಗುಜರಾತಿ ತರಕಾರಿ ಅಂಗಡಿ ದಾಟಲ್ಲ” ಎಂದು ವೈದೇಹಿ ಆಡಿಕೊಳ್ಳುತ್ತಿದ್ದುದು ನಿಮಗೂ ಗೊತ್ತು. ಅವನನ್ನು ಕೂರಿಸಿ ಮುಲಾಮು ಹಚ್ಚಿ ಬ್ಯಾಂಡೇಜು ಕಟ್ಟಿದೆ. ಝರಿಯ ಕಡೆಗೆ ನನ್ನನ್ನು ಎಳೆಯುತ್ತಲೇ ಇದ್ದ; ನೀರಿಗೆ ಕೈ ಅದ್ದಲು ಹೊರಟಿದ್ದಾನೆಂದು ಗದರಿಸಿದೆ. ದವ್ ಅಂದರೆ ಅವರಲ್ಲಿ ಕಾಡ್ಗಿಚ್ಚು. ನಮ್ಮ ದಾವಾನಲದ ಮಾತೇ. ಮಿಡ್ಲ್ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ.

ವಿಚಾರಣೆಯಲ್ಲಿ “ಇವನು ನಿಮಗೆ ತಿಳಿಸಿದನೇ?” ಎಂದು ಅಧಿಕಾರಿ ಕೇಳಿದಾಗ ಇಲ್ಲ ಅಂದುಬಿಟ್ಟೆ. ಜೀವಾಭಾಯಿ ನನ್ನ ಮುಖ ನೋಡಿ ಸುಮ್ಮನಾದ. ನಾಳೆ ನಿಜವನ್ನು ಬರೆದು ಕೊಡುತ್ತೇನೆ. ಮಾವನವರಿಗೆ ಇದನ್ನು ನೀವೇ ಓದಿ ಹೇಳಿ. ಇನ್ನೊಂದು ಮಾತು, ಅದನ್ನೂ ಬಿಡದೆ ಓದಿ: ಬ್ಯಾಂಡೇಜಿನ ಗಂಟು ಓರೆಯಾಯಿತೆಂದು ಬಿಚ್ಚಿ, ಎರಡನೇ ಸಲ ಸುತ್ತಿದ್ದೆ.