ಸೋಮವಾರ ನೋಡೋಣ

ಚಾಮರಾಜಪೇಟೆ
ಶುಕ್ರವಾರ, ನವೆಂಬರ್ 21

ಶಶಿಕಿರಣ್ ಅವರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಹಾಳೆ ಬದಲಿಸಿದೆ. ‘ಮಾನ್ಯರೇ’ ಎಂದರೆ ನನ್ನನ್ನೇ ನಾನು ಕರೆದುಕೊಂಡಂತಾಗುತ್ತದೆ. ಹಾಗಾಗಿ ಬರೀ ಹೆಸರು.

ಬೆಳಿಗ್ಗೆ ಹಾಲು ತರಲು ಹೋದಾಗ ನಮ್ಮ ರಸ್ತೆಯ ತಿರುವಿನ ಗೋಡೆಯ ಮೇಲೆ ನಿಮ್ಮ ‘ವಜ್ರಪಕ್ಷಿ’ ಪೋಸ್ಟರಿನ ನಾಯಕನ ಎದೆಗೆ ಅಡ್ಡಲಾಗಿ ಹೊಸ ಹಳದಿ ಪಟ್ಟಿ ಅಂಟಿಸಿದ್ದರು: ‘ಯಶಸ್ವಿ ಮೂರನೇ ವಾರ’. ಮೈದಾ ಅಂಟು ಇನ್ನೂ ಒಣಗಿರಲಿಲ್ಲ, ಅಕ್ಷರಗಳ ಕೆಳಗಿಂದ ಇಳಿಯುತ್ತಿತ್ತು. ಹೋದ ವಾರದ ಪಟ್ಟಿಯನ್ನು ಪೂರ್ತಿ ಕಿತ್ತಿರಲಿಲ್ಲವಾದ್ದರಿಂದ ಅದರಡಿಯಲ್ಲಿ ‘ಹೊಸ ದೃಶ್ಯಗಳೊಂದಿಗೆ’ ಎಂಬುದೂ ಕಾಣುತ್ತಿತ್ತು. ಆ ಎರಡು ಪದಗಳ ಮುಂದೆ ಪ್ಯಾಕೆಟ್ ಹಿಡಿದುಕೊಂಡು ತುಸು ಹೊತ್ತು ನಿಂತೆ. ಎದುರು ಕೂತು ಮಾತಾಡುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ಸಂಬಂಧದ ಮಾತಿಗೆಂದು ಬಂದ ದಿನ ನಿಮ್ಮ ತಂದೆ ನಮ್ಮ ನಡುಮನೆಯಲ್ಲಿ ಕೂತು ಹೇಳಿದ್ದು ನನಗೆ ಬಾಯಿಪಾಠವಾಗಿದೆ. “ವೃಷಭೇಂದ್ರಪ್ಪನವ್ರೇ, ನಮ್ ಹುಡ್ಗ ಡೈರೆಕ್ಟ್ ಮಾಡ್ತಿರೋ ಮೊದಲ್ನೇ ಪಿಕ್ಚರ್ರು. ರಿಲೀಸ್ ಆಗ್ಲಿ. ಶುಕ್ರವಾರ ಶನಿವಾರ ಯಾವ್ದಾದ್ರೂ ಓಡುತ್ತೆ. ಸೋಮವಾರ ಜನ ಬಂದ್ರೆ ಗೆದ್ದ ಅಂತ ಲೆಕ್ಕ. ವೀಳ್ಯಶಾಸ್ತ್ರದ ವಿಷ್ಯ ಆ ಸೋಮವಾರ ನೋಡೋಣ.” ಗಾಂಧಿನಗರದಲ್ಲಿ ಅಷ್ಟು ವರ್ಷ ಸಿನಿಮಾ ಹಂಚಿದವರ ಮಾತು ಅದು. ಸೋಮವಾರವೆಂದರೆ ಉಪವಾಸವಿದ್ದು ಈಶ್ವರನ ಗುಡಿಗೆ ಹೋಗುವ ದಿನವೆಂದಷ್ಟೇ ತಿಳಿದ ಅಮ್ಮ, ಒಳ್ಳೆಯ ದಿನವನ್ನೇ ಹೇಳಿದರೆಂದು ತಲೆದೂಗಿದಳು. ಚಿಕ್ಕಪೇಟೆಯಲ್ಲಿ ಸೀರೆ ಮಾರುವ ಅಪ್ಪಾಜಿಗೆ ಮಾತ್ರ ಅರ್ಥವಾಗಿತ್ತು. ನೀವು ನೆಲ ನೋಡುತ್ತಿದ್ದಿರಿ. ನಾಚಿಕೆ ಎಂದುಕೊಂಡೆ.

ಆಮೇಲೆ ಬಸವನಗುಡಿಯ ಪಾರ್ಕಿನ ಬೆಂಚಿನಲ್ಲಿ ನೀವು ಚಿತ್ರಕಥೆ ಓದಿ ಹೇಳಿದಿರಿ. ಊರನ್ನೆಲ್ಲ ಉಳಿಸಿ ಬೆಳಗಿನ ಜಾವ ಮನೆಗೆ ಬರುವ ನಾಯಕನಿಗೆ ತಾಯಿಯ ಮುಂದೆ ಪುಟಗಟ್ಟಲೆ ಭಾಷಣವಿತ್ತು. “ಏನಾದ್ರೂ ಹೇಳ್ರೀ, ಎಂ.ಎ. ಮೇಡಂ. ನೀವು ಸುಮ್ನೆ ಕೂತ್ರೆ ಭಯ ಆಗುತ್ತೆ,” ಎಂದಿರಿ. ನಾನು ನಮ್ಮ ಮನೆಯ ರೂಢಿಯೊಂದನ್ನು ಹೇಳಿದೆ. ಮೈಮೇಲಿರುವ ಬಟ್ಟೆಯನ್ನು ಹೊಲಿಯಬಾರದು. ಹೊಲಿಯಲೇಬೇಕಾಗಿ ಬಂದರೆ, ತೊಟ್ಟವರು ಹಲ್ಲಿನಲ್ಲಿ ಒಂದು ತುಂಡು ದಾರ ಕಚ್ಚಿಕೊಂಡಿರಬೇಕು, ಮುಗಿಯುವವರೆಗೆ ಬಾಯಿ ಬಿಡಬಾರದು. ಶಾಲೆಗೆ ಹೊರಟು ನಿಂತಾಗ ಅಮ್ಮ ಎಷ್ಟು ಸಲ ಹಾಗೆ ನನ್ನ ಬಾಯಿ ಮುಚ್ಚಿಸಿದ್ದಾಳೋ. ನಾಯಕನ ತೋಳು ಹರಿದಿರಲಿ, ತಾಯಿ ಸೂಜಿ ತರಲಿ, “ಎಲ್ಲಿಗೋಗಿದ್ದೆ ಅಂತ ಕೇಳಲ್ಲ. ದಾರ ಕಚ್ಕೊ,” ಎನ್ನಲಿ, ಅಷ್ಟೇ ಸಾಕು ಎಂದೆ. ನೀವು ಬೆಂಚಿನಿಂದ ಎದ್ದು ನಿಂತುಬಿಟ್ಟಿರಿ. ಭಾಷಣ ಪೂರ್ತಿ ಹೋಯಿತು. ಆ ಸಂಜೆ ಮೊದಲ ಸಲ ನನ್ನನ್ನು ‘ನೀನು’ ಎಂದಿರಿ.

ಬಿಡುಗಡೆಯಾದ ಮರುದಿನವೇ ಯೂಟ್ಯೂಬಿನವರು ತೀರ್ಪು ಕೊಟ್ಟರು: ಸೆಕೆಂಡ್ ಹಾಫ್ ಎಳೆದಿದ್ದಾರೆ, ಸೂಪರ್‌ಹೀರೋ ಕೂತು ಬಟ್ಟೆ ಹೊಲಿಸಿಕೊಳ್ಳುತ್ತಾನೆ. ಭಾನುವಾರ ನೀವು ಆ ದೃಶ್ಯವನ್ನು ತೆಗೆಸಿದಿರಿ. ಸೋಮವಾರ ಅಪ್ಪಾಜಿ ಅಂಗಡಿ ಬಿಟ್ಟು, ಯಾರಿಗೂ ಹೇಳದೆ ಮ್ಯಾಟಿನಿ ನೋಡಿ ಬಂದರು. “ಜನಕ್ಕಿಂತ ಫ್ಯಾನೇ ಜಾಸ್ತಿ ಇದ್ವು. ಮೇಲೆ ತಿರುಗ್ತಾವಲ್ಲ, ಆ ಫ್ಯಾನು,” ಎಂದರು. ಆಮೇಲೆ ನಮ್ಮ ಮನೆಯಲ್ಲಿ ನಡೆದ ಮಾತು ನಿಮಗೆ ಸಂಬಂಧಿಸಿದ್ದಲ್ಲ.

ಅದೇ ಸಂಜೆ ನಿಮ್ಮ ಸಂದರ್ಶನ ಬಂತು. ನೀವು ನಗುತ್ತಿದ್ದಿರಿ. “ಒಪ್ಕೋತೀನಿ ಗುರು, ತಪ್ಪಾಯ್ತು. ಸಾಹಿತ್ಯ ಓದ್ಕೊಂಡಿರೋರ ಮಾತು ಕೇಳಿ ಆ ಸೀನ್ ಇಟ್ಬಿಟ್ಟೆ. ಮಾಸ್ ಅಂದ್ರೆ ಏನು ಅಂತ ಅಂಥೋರಿಗೆ ಗೊತ್ತಾಗಲ್ಲ. ಇನ್ಮೇಲೆ ಲೈಫಲ್ಲಿ ಅವ್ರ ಮಾತು ಕೇಳಲ್ಲ.” ಹೆಸರು ಹೇಳಲಿಲ್ಲ. ಕೇಳಬೇಕಾದವಳಿಗೆ ಕೇಳಿಸಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ವಾರವಿಡೀ ಎತ್ತಲಿಲ್ಲ.

ಮೊದಲ ದಿನ ನೋಡಿದ ಯಾರೋ ಆ ದೃಶ್ಯವನ್ನು ಫೋನಿನಲ್ಲಿ ಹಿಡಿದಿದ್ದರಂತೆ. ಅದು ಹರಡಿತು. ಮಕ್ಕಳನ್ನು ಕಟ್ಟಿಕೊಂಡು ಚಿತ್ರಮಂದಿರಕ್ಕೆ ಬಂದ ಹೆಂಗಸರು, “ದಾರ ಎಲ್ರೀ, ದಾರ?” ಎಂದು ಮ್ಯಾನೇಜರನ್ನು ತಡೆದು ನಿಲ್ಲಿಸಿದರಂತೆ. ಎರಡನೇ ಶುಕ್ರವಾರ ನೀವು ಅದನ್ನು ಮರಳಿ ಸೇರಿಸಿದಿರಿ. ಕತ್ತರಿಸಿ ಎಸೆದದ್ದಕ್ಕೆ ‘ಹೊಸ ದೃಶ್ಯ’ ಎಂದು ಹೆಸರಾಯಿತು. ಎರಡನೇ ಸೋಮವಾರ ಹೌಸ್‌ಫುಲ್. ನಿಮ್ಮ ತಂದೆ ಫೋನಿನಲ್ಲಿ ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು: “ಬೀಗ್ರೇ, ಸೋಮವಾರ ಗೆದ್ವಿ!” ಅಪ್ಪಾಜಿ ನನ್ನ ಕಡೆ ತಿರುಗಿ, “ಹುಡ್ಗ ಪರ್ವಾಗಿಲ್ಲ ಕಣಮ್ಮ,” ಎಂದರು.

ಮರುದಿನ ನೀವು ಮೈಸೂರುಪಾಕಿನ ಡಬ್ಬ ಹಿಡಿದು ಬಂದಿರಿ. “ಟೆನ್ಷನ್ ಇತ್ತು ಮಾನ್ಯ. ಈಗೆಲ್ಲ ಸರಿಹೋಯ್ತಲ್ಲ,” ಎಂದಿರಿ. ಬುಧವಾರ ಸಕ್ಸಸ್ ಮೀಟಿನಲ್ಲಿ ಮೈಕ್ ಹಿಡಿದು, ದಾರದ ದೃಶ್ಯ ನಿಮ್ಮ ಬಾಲ್ಯದ್ದೆಂದಿರಿ: “ನಮ್ಮಮ್ಮ ಹಂಗೇ ಮಾಡೋರು.” ನಿನ್ನೆ ಶಾಸ್ತ್ರದ ಸೀರೆ ಆರಿಸಲು ಅಂಗಡಿಗೆ ಬಂದ ನಿಮ್ಮ ತಾಯಿ, ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: “ಶೈಲಜಮ್ಮ, ಬಾಯಲ್ಲಿ ದಾರ ಯಾಕ್ರೀ ಕಚ್ಚೋದು? ಕಂಡೋರೆಲ್ಲ ನನ್ನೇ ಕೇಳ್ತಾರೆ. ನಮ್ಮಲ್ಲಿ ಆ ಪದ್ಧತಿನೇ ಇಲ್ಲ.” ಅಮ್ಮ, ಪಾಪ, ವಿವರವಾಗಿ ಹೇಳಿಕೊಟ್ಟು ಬಂದಿದ್ದಾಳೆ.

ನಿಮ್ಮ ಚಿತ್ರ ಗೆದ್ದಿತೋ ಸೋತಿತೋ ಎಂದು ಯಾರಾದರೂ ಕೇಳಿದರೆ ಗೆದ್ದಿದೆ ಎಂದೇ ಹೇಳುತ್ತೇನೆ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ತಾಯಿ ಸೂಜಿಗೆ ದಾರ ಪೋಣಿಸುವಾಗ ಹಾಲ್ ಇಡೀ ಸುಮ್ಮನಾಗುತ್ತದೆ. ಪಕ್ಕದ ಹೆಂಗಸು ಮೂಗು ಒರೆಸಿಕೊಂಡು, “ಗಂಡಸ್ರಾಗಿ ಎಷ್ಟು ಚೆನ್ನಾಗ್ ಬರ್ದಿದಾರೆ ನೋಡಿ,” ಎಂದರು. ನಾನು ಹೌದೆಂದೆ.

ತೆರೆಯ ಮೇಲೆ ನನ್ನ ಹೆಸರು ಬೇಕೆಂದು ಇದನ್ನು ಬರೆಯುತ್ತಿಲ್ಲ. ಸೋತರೆ ನನ್ನದು, ಗೆದ್ದರೆ ನಿಮ್ಮದು ಎಂಬುದು ಬರೀ ಸಿನಿಮಾದ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಮುಂದೆ ಮನೆ ಮಾಡಬೇಕು, ಮಗುವಾಗಬಹುದು, ಯಾರಿಗಾದರೂ ಕಾಯಿಲೆ ಬರಬಹುದು. ಆಗಲೂ ಜನ ಏನನ್ನುತ್ತಾರೆಂದು ನೋಡಿಕೊಂಡು ನನ್ನ ಫೋನ್ ಎತ್ತುವವರು ನೀವು. ಅದಕ್ಕೆ ನನ್ನಲ್ಲಿ ತಾಳ್ಮೆಯಿಲ್ಲ.

ಬರುವ ಸೋಮವಾರ ವೀಳ್ಯಶಾಸ್ತ್ರಕ್ಕೆ ನಾನು ಮಣೆಯ ಮೇಲೆ ಕೂರುವುದಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದೇನೆ. ಅವಳು, “ಹಂಗಾದ್ರೆ ಹೂವಿನವ್ಳಿಗೆ ಇವತ್ತೇ ಹೇಳ್ಬಿಡ್ಬೇಕು,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಪ್ಪಾಜಿ ಅಂಗಡಿಯಿಂದ ಬಂದ ಮೇಲೆ ಅವರಿಗೆ ನಾನೇ ಹೇಳುತ್ತೇನೆ.

‘ನಿಮ್ಮ’ ಎಂದು ಸೇರಿಸದೆ,
ಮಾನ್ಯ

ತಾ.ಕ.: ಆ ಮೊದಲ ಸೋಮವಾರ ನಮ್ಮ ಮನೆಯಲ್ಲಿ ನಡೆದ ಮಾತು ನಿಮಗೆ ಸಂಬಂಧಿಸಿದ್ದಲ್ಲ ಎಂದು ಬರೆದೆ. ಅದು ಸುಳ್ಳು. “ಈ ಸಂಬಂಧ ಬೇಡ, ಹೇಳಿ ಕಳಿಸ್ಬಿಡ್ತೀನಿ,” ಎಂದರು ಅಪ್ಪಾಜಿ. ಅವರಿಗೆ ಎಂದೂ ಎದುರು ಮಾತಾಡದ ನಾನು, “ಪಿಕ್ಚರ್ ಮಲಗಿದ್ರೆ ಮಲಗ್ಲಿ ಅಪ್ಪಾಜಿ, ನಾನು ಅವ್ರನ್ನೇ ಮದ್ವೆ ಆಗೋದು,” ಎಂದೆ. ಅದನ್ನು ನಿಮಗೆ ಹೇಳೋಣವೆಂದೇ ಕೋಣೆಗೆ ಬಂದು ಫೋನ್ ಕೈಗೆತ್ತಿಕೊಂಡೆ. ನಿಮ್ಮ ಸಂದರ್ಶನ ಆಗ ತಾನೇ ಬಂದಿತ್ತು.