ರಬ್ಬರ್ ಕೈಯ ತೂತು

ಮಾರ್ಚ್ 4
ರಕ್ತ ತೆಗೆಯುವ ಪ್ರಾಕ್ಟೀಸಿಗೆ ಇವತ್ತೂ ರಬ್ಬರ್ ಕೈ. ಸೂಜಿ ಚುಚ್ಚಿದ ಕೂಡಲೇ ಕೆಂಪು ನೀರು ಸಲೀಸಾಗಿ ಬಂತು. ನಮ್ಮ ಲ್ಯಾಬ್ ಟೆಕ್ನಿಷಿಯನ್ ಬ್ಯಾಚಿನ ಮಕ್ಕಳು "ಅಂಕಲ್ ಸೂಪರ್!" ಅಂದರು. ಅಂಗಡಿ ಮುಚ್ಚುವವರೆಗೂ ಬರೀ ಮಾತಲ್ಲೇ ಹಳೇ ಸೋಫಾ ಮಾರಿ ಬದುಕಿದವನಿಗೆ ಇದೇನು ಮಹಾ.

ಮಾರ್ಚ್ 9
ಆ ಕೈ ಸೋರುತ್ತಿತ್ತು, ಹೊಸದು ತಂದರು. ಒಬ್ಬರಿಗೂ ರಕ್ತನಾಳ ಸಿಗಲಿಲ್ಲ. ನನಗೂ! ಆಮೇಲೆ ಹೊಳೆಯಿತು — ಹಳೆಯದರಲ್ಲಿ ಹಿಂದಿನ ಬ್ಯಾಚುಗಳು ಚುಚ್ಚಿ ಚುಚ್ಚಿ ಮಾಡಿದ ತೂತು. ಇಷ್ಟು ದಿನ ಕಲಿತದ್ದು ತೂತಿಗೆ ಸೂಜಿ ಹಾಕುವುದನ್ನು. ಅದಕ್ಕೊಂದು ಫೀಸು ಬೇರೆ. ಕಲಿಸುವ ಮೇಡಂಗೆ ಇದನ್ನೆಲ್ಲ ಉದ್ದುದ್ದ ವಿವರಿಸಿದೆ.
"ಬಾಯಿಗೆ ರಜೆ ಕೊಡಿ ಅಂಕಲ್. ಬೆರಳಲ್ಲಿ ಹುಡುಕಿ."

ಮಾರ್ಚ್ 14
ಪ್ರಾಕ್ಟೀಸಿಗೆ ಮನೆಯವರನ್ನು ಕರೆತನ್ನಿ ಎಂದಿದ್ದರು. ಹೆಂಡತಿ ಬಂದಳು. ಧೈರ್ಯ ತುಂಬಲು ಮಾತಾಡುತ್ತಲೇ ಚುಚ್ಚಿದೆ. ರಕ್ತ ಬರಲಿಲ್ಲ. ಮತ್ತೊಮ್ಮೆ. ಊಹೂಂ. ಮೇಡಂ ಸೂಜಿ ಕಸಿದುಕೊಂಡರು.
"ಪ್ರಾಕ್ಟಿಕಲ್ ಎಕ್ಸಾಮಲ್ಲೂ ಹೀಗಾದ್ರೆ ಸರ್ಟಿಫಿಕೇಟ್ ಮರೆತುಬಿಡಿ."
ದಾರಿಯಲ್ಲಿ ಹೆಂಡತಿ: "ರೀ, ನೀವು ರಕ್ತ ತೆಗೀತಿದ್ರೋ, ಸೋಫಾ ಮಾರ್ತಿದ್ರೋ?"

ಮಾರ್ಚ್ 15
ಅವಳ ಬಲಗೈ ಬದನೆಕಾಯಿ ಬಣ್ಣ. ಕೆಲಸಕ್ಕೆ ಕೂರುವುದು ಕ್ಯಾಶ್ ಕೌಂಟರಿನಲ್ಲಿ, ಎಲ್ಲರ ಕಣ್ಣೂ ಅಲ್ಲೇ. ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಜೊತೆ ಕೆಲಸದವರು ಕೇಳಿದರಂತೆ.
"ನಮ್ಮೆಜಮಾನ್ರು ಓದ್ತಿದ್ದಾರೆ ಅಂದೆ. ಒಬ್ರೂ ನಂಬ್ಲಿಲ್ಲ."

ಮಾರ್ಚ್ 23
ಪ್ರಾಕ್ಟಿಕಲ್‌ಗೆ ಚುಚ್ಚಿಸಿಕೊಳ್ಳುವವರನ್ನು ಅವರವರೇ ಕರೆತರಬೇಕು. ಭಾಮೈದನನ್ನು ಕೇಳಿದೆ. "ಭಾವ, ಏನು ಬೇಕಾದ್ರೂ ಕೇಳಿ, ಕೈ ಒಂದು ಬಿಟ್ಟು!" ನಾನು ಕೇಳುವ ಮೊದಲೇ ಹೆಂಡತಿ ಬಾಗಿಲು ಹಾಕಿಕೊಂಡಳು. ಅಂಗಡಿಯಲ್ಲಿ ಗಿರಾಕಿ ಎಂಥವನಾದರೂ ಒಪ್ಪಿಸುತ್ತಿದ್ದೆ... ಈಗ ಚುಚ್ಚಲು ಒಂದು ಕೈ ಸಿಗುತ್ತಿಲ್ಲ ನನಗೆ.

ಮಾರ್ಚ್ 25, ಬೆಳಿಗ್ಗೆ 10, ಕಾಲೇಜಿನ ಕಾರಿಡಾರ್
ಎಲ್ಲರ ಪಕ್ಕ ಅಮ್ಮನೋ, ಅಣ್ಣನೋ. ನನ್ನ ಪಕ್ಕ ಖಾಲಿ ಕುರ್ಚಿ. ಯಾರನ್ನೂ ಕರೆತರದವರು ಫೇಲ್ ಎಂದೇ ಲೆಕ್ಕವಂತೆ. ಈ ವಯಸ್ಸಿಗೆ ಮತ್ತೆ ಯಾವ ಅಂಗಡಿ ತೆರೆಯಲಿ?

10.30
ಬಂದಳು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಬಟ್ಟೆಯ ತೋಳು ಮೇಲಕ್ಕೆ ಮಡಚಿ ಕೈಯನ್ನು ನನ್ನ ತೊಡೆಯ ಮೇಲಿಟ್ಟಳು.
"ಎಡಗೈ ಮಾತ್ರ. ಬಾಯಿ ಬಿಟ್ರೆ ಎದ್ದು ಹೋಗ್ತೀನಿ."
ಬಾಯಿ ಬಿಡಲಿಲ್ಲ. ಕಣ್ಣು ಮುಚ್ಚಿ ಬೆರಳಿಟ್ಟೆ. ಏನಿಲ್ಲ. ತುಸು ಪಕ್ಕಕ್ಕೆ... ಚರ್ಮದಡಿ ರಕ್ತನಾಳ ಮೆತ್ತಗೆ ಪುಟಿಯಿತು. ಇದೇ! ತೂತಿಲ್ಲ, ಗುರುತಿಲ್ಲ, ಆದರೂ ಇದೇ. ಬೆರಳೆತ್ತಲು ಭಯ — ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ನನ್ನ ನಂಬರ್ ಕೂಗಿದರು. "ಏಳ್ರೀ" ಅನ್ನುತ್ತಿದ್ದಾಳೆ. ಪೆನ್ನು ಇಡ—